ದಯೆ ಕೇಳಿದರು, ಆತ ನ್ಯಾಯ ಕೊಟ್ಟ: ಜರ್ಮನ್ ರೈತನ ಮಗನೊಬ್ಬನ ಕಥೆ

ಮೇ 1ರ ರಜೆ ಎಲ್ಲಿಂದ ಬಂತು ಅನ್ನೋದು ನನಗೆ ಗೊತ್ತಾಗಿದ್ದು ಸಾಫ್ಟ್‌ವೇರ್ ಕೆಲಸ ಬಿಟ್ಟ ಮೇಲೆ. ಎಂಜಿನಿಯರಿಂಗ್ ಮುಗಿಸಿ ಬೆಂಗಳೂರಿನ ಕಂಪನಿಯೊಂದರಲ್ಲಿ ಕೂತಿದ್ದ ಆ ವರ್ಷಗಳಲ್ಲಿ ಅದು ಕ್ಯಾಲೆಂಡರಿನ ಒಂದು ಕೆಂಪು ಅಂಕಿ, ಅಷ್ಟೇ. ಆ ದಿನವೂ ಮನೆಯಲ್ಲಿ ಲ್ಯಾಪ್‌ಟಾಪ್ ತೆರೆದೇ ಇರುತ್ತಿತ್ತು. ದಿನಕ್ಕೆ ಎಂಟು ಗಂಟೆ ಕೆಲಸ ಅನ್ನೋ ಲೆಕ್ಕಕ್ಕಾಗಿ ಷಿಕಾಗೊ ನಗರದಲ್ಲಿ ನಾಲ್ವರು ನೇಣಿಗೇರಿದ್ದರು ಎಂದು ಓದಿದ್ದು ಆಮೇಲೆ, ಪತ್ರಕರ್ತನಾಗಿ ಮೊದಲ ಸಲ ಮೇ ದಿನದ ಮೆರವಣಿಗೆ ವರದಿ ಮಾಡಲು ಹೋದಾಗ.

ಆ ನಾಲ್ವರ ಹೆಸರು ನಮ್ಮ ಕಾರ್ಮಿಕ ಸಭೆಗಳಲ್ಲಿ ಈಗಲೂ ಕೇಳಿಬರುತ್ತದೆ. ಆದರೆ ಅವರನ್ನು ಗಲ್ಲಿಗೇರಿಸಿ ಆರು ವರ್ಷವಾಗುವ ಮೊದಲೇ, ಆ ವಿಚಾರಣೆಯೇ ಅನ್ಯಾಯ ಎಂದು ಸರ್ಕಾರಿ ಕಾಗದದಲ್ಲಿ ಬರೆದು ಸಹಿ ಹಾಕಿದ ಒಬ್ಬನಿದ್ದ. ಆತ ಹೋರಾಟಗಾರನಲ್ಲ. ದುಡ್ಡಿದ್ದ ಮನುಷ್ಯ, ಮಾಜಿ ನ್ಯಾಯಾಧೀಶ, ಇಲಿನಾಯ್ ರಾಜ್ಯದ ಗವರ್ನರ್. ಅಮೆರಿಕದಲ್ಲಿ ಗವರ್ನರ್ ಅಂದರೆ ದೆಹಲಿಯಿಂದ ಬಂದು ಕೂರುವ ನಮ್ಮ ರಾಜ್ಯಪಾಲರಂತಲ್ಲ, ಜನ ಓಟು ಹಾಕಿ ಆರಿಸುವ ಮುಖ್ಯಮಂತ್ರಿ ಇದ್ದಂತೆ. ಆತನ ಹೆಸರು ಜಾನ್ ಪೀಟರ್ ಆಲ್ಟ್‌ಗೆಲ್ಡ್. ಕಥೆ ಶುರುವಾಗುವುದು ಮಾತ್ರ ಒಂದು ಹೊಲದಿಂದ.

ಹೊಲ ಬಿಟ್ಟು ಹೊಲಕ್ಕೆ

ಈಗಿನ ಜರ್ಮನಿಯ ಪಶ್ಚಿಮ ಭಾಗದಲ್ಲಿ ಆಗ ನಾಸೌ ಎಂಬ ಪುಟ್ಟ ಸಂಸ್ಥಾನವಿತ್ತು. ಅಲ್ಲಿನ ನೀಡರ್‌ಸೆಲ್ಟರ್ಸ್ ಎಂಬ ಹಳ್ಳಿಯಲ್ಲಿ 1847ರ ಡಿಸೆಂಬರ್ 30ರಂದು ಆಲ್ಟ್‌ಗೆಲ್ಡ್ ಹುಟ್ಟಿದ. ಜರ್ಮನ್ ಭಾಷೆಯಲ್ಲಿ ಆ ಮನೆಹೆಸರನ್ನು ಬಿಡಿಸಿದರೆ ಹಳೇ ದುಡ್ಡು ಎಂದಾಗುತ್ತದೆ. ಮನೆಯಲ್ಲಿ ಹಳೆಯದೂ ಇರಲಿಲ್ಲ, ಹೊಸದೂ ಇರಲಿಲ್ಲ. ಅಪ್ಪ ಗಾಡಿ ಮಾಡುವ ಕಸುಬಿನವನು.

ಆ ಸೀಮೆಯಲ್ಲಿ ಜಮೀನನ್ನು ಎಲ್ಲ ಮಕ್ಕಳಿಗೂ ಹಂಚುವ ಪದ್ಧತಿ. ನಮ್ಮಲ್ಲಿ ಎಕರೆಗಳು ಪಾಲಾಗಿ ಪಾಲಾಗಿ ಗುಂಟೆಗೆ ಇಳಿದ ಹಾಗೆ ಅಲ್ಲೂ ಹೊಲ ಪಟ್ಟಿಪಟ್ಟಿಯಾಗಿತ್ತು. ಅದರ ಮೇಲೆ 1840ರ ದಶಕದಲ್ಲಿ ಆಲೂಗಡ್ಡೆಗೆ ರೋಗ ಬಿತ್ತು, ಕಾಳು ಬೆಳೆಯೂ ಕೈಕೊಟ್ಟಿತು. 1848ರಲ್ಲಿ ಜರ್ಮನ್ ನಗರಗಳಲ್ಲಿ ಕ್ರಾಂತಿಯ ಗದ್ದಲ ಎದ್ದಿತು. ಕ್ರಾಂತಿ ಸೋತ ಮೇಲೆ ಓಡಿಬಂದ ವಕೀಲರು, ಸಂಪಾದಕರ ಬಗ್ಗೆ ಅಮೆರಿಕದ ಇತಿಹಾಸದಲ್ಲಿ ಬೇಕಾದಷ್ಟು ಬರೆದಿದ್ದಾರೆ. ಆದರೆ ಹಡಗು ಹತ್ತಿದವರಲ್ಲಿ ಬಹಳ ಜನ ಕ್ರಾಂತಿಕಾರರಲ್ಲ, ಹೊಟ್ಟೆಪಾಡಿಗೆ ಹೊರಟ ರೈತರು ಮತ್ತು ಕಸುಬಿನವರು. 1850ರ ದಶಕವೊಂದರಲ್ಲೇ ಸುಮಾರು 9.5 ಲಕ್ಷ ಜರ್ಮನ್ನರು ಅಮೆರಿಕಕ್ಕೆ ಬಂದಿಳಿದರು. ಅದಕ್ಕೂ ಸ್ವಲ್ಪ ಮುಂಚೆ, 1848ರಲ್ಲೇ, ಹಾಲುಗೂಸನ್ನು ಎತ್ತಿಕೊಂಡು ಆಲ್ಟ್‌ಗೆಲ್ಡ್ ದಂಪತಿ ಬಂದಿದ್ದರು.

ಅವರು ನೆಲೆಸಿದ್ದು ಒಹಾಯೊ ರಾಜ್ಯದ ಮ್ಯಾನ್ಸ್‌ಫೀಲ್ಡ್ ಪಟ್ಟಣದ ಹತ್ತಿರದ ಹಳ್ಳಿಗಾಡಿನಲ್ಲಿ. ಮನೆಯೊಳಗೆ ಜರ್ಮನ್ ಮಾತು, ಹೊರಗೆ ಇಂಗ್ಲಿಷ್. ಹಿರಿಯ ಮಗನೆಂದರೆ ಹೊಲಕ್ಕೆ ಒಂದು ಜೊತೆ ಕೈ. ಓದಿನಿಂದ ಹೊಟ್ಟೆ ತುಂಬುವುದಿಲ್ಲ ಎಂಬುದು ಅಪ್ಪನ ನಂಬಿಕೆ. ಹುಡುಗ ಶಾಲೆಯ ಬೆಂಚಿನ ಮೇಲೆ ಕೂತದ್ದಕ್ಕಿಂತ ನೇಗಿಲ ಹಿಂದೆ ನಡೆದದ್ದೇ ಹೆಚ್ಚು. ನನ್ನ ಅಪ್ಪ ಇದಕ್ಕೆ ಪೂರ್ತಿ ಉಲ್ಟಾ, ಸಾಲ ಮಾಡಿ ಎಂಜಿನಿಯರಿಂಗ್‌ಗೆ ಕಳಿಸಿದವರು. ಆದರೆ ಎರಡೂ ಅಪ್ಪಂದಿರ ಭಯ ಒಂದೇ ಅನ್ನಿಸುತ್ತದೆ: ಕಷ್ಟಪಟ್ಟು ಕಟ್ಟಿದ್ದು ಮಗನ ಕಾಲಕ್ಕೆ ಕೈತಪ್ಪಿ ಹೋಗಬಾರದು.

1864ರಲ್ಲಿ, 16ನೇ ವಯಸ್ಸಿನಲ್ಲಿ, ಆತ ಅಂತರ್ಯುದ್ಧದಲ್ಲಿ ಉತ್ತರದ ಸೇನೆ ಸೇರಿದ. ವರ್ಜೀನಿಯಾದಲ್ಲಿ ಜ್ವರ ಹಿಡಿದು ಸಾಯುವ ಸ್ಥಿತಿಗೆ ಹೋಗಿ ಉಳಿದುಕೊಂಡ. ಅಂದರೆ, ಗುಲಾಮಗಿರಿಯ ಪರ ನಿಂತಿದ್ದ ದಕ್ಷಿಣದ ವಿರುದ್ಧ ಆ ದೇಶವನ್ನು ಒಂದಾಗಿ ಉಳಿಸಲು ಜೀವ ಒತ್ತೆ ಇಟ್ಟವನು. ಈ ಮಾತು ನೆನಪಿರಲಿ, ಮುಂದೆ ಬೇಕಾಗುತ್ತದೆ. ಊರಿಗೆ ಮರಳಿ, ಅಪ್ಪನ ಮಾತು ಮೀರಿ ಓದಿ, ಶಾಲೆ ಮೇಷ್ಟ್ರಾದ. ಎಮ್ಮಾ ಫೋರ್ಡ್ ಎಂಬ ಹುಡುಗಿಯನ್ನು ಇಷ್ಟಪಟ್ಟ. ಅವಳ ಅಪ್ಪ ಒಪ್ಪಲಿಲ್ಲ. ಆತ ಊರು ಬಿಟ್ಟು ಪಶ್ಚಿಮಕ್ಕೆ ನಡೆದ.

ದಾರಿಯಲ್ಲಿ ಕೂಲಿ, ಸೇಂಟ್ ಲೂಯಿಯಲ್ಲಿ ರಾಸಾಯನಿಕ ಕಾರ್ಖಾನೆ, ಅರ್ಕಾನ್ಸಾಸ್‌ನಲ್ಲಿ ರೈಲು ಹಳಿ ಹಾಕುವ ಕೆಲಸ. ಕೊನೆಗೆ ಮಿಸೌರಿ ರಾಜ್ಯದ ಸವಾನ್ನಾ ಎಂಬ ಊರಿನಲ್ಲಿ ಕಾನೂನು ಓದಿ ವಕೀಲನಾದ. 1874ರಲ್ಲಿ ಅಲ್ಲಿನ ರೈತ ಚಳವಳಿಯ ಬೆಂಬಲದಿಂದ ಕೌಂಟಿಯ ಸರ್ಕಾರಿ ವಕೀಲನಾಗಿ ಗೆದ್ದ. ಮರುವರ್ಷ ಅದನ್ನೂ ಬಿಟ್ಟು ಷಿಕಾಗೊಗೆ ಹೋದ. 1877ರಲ್ಲಿ ಅದೇ ಎಮ್ಮಾಳನ್ನು ಮದುವೆಯಾದ.

ಷಿಕಾಗೊದಲ್ಲಿ ಆತನ ಕೈ ಹಿಡಿದದ್ದು ರಿಯಲ್ ಎಸ್ಟೇಟ್. ಬೆಳೆಯುತ್ತಿದ್ದ ನಗರದಲ್ಲಿ ನಿವೇಶನ ಕೊಂಡು, ಕಟ್ಟಡ ಕಟ್ಟಿ ಶ್ರೀಮಂತನಾದ. 1890ರ ದಶಕದ ಆರಂಭದಲ್ಲಿ ಕಟ್ಟಿಸಿದ ಹದಿನಾರು ಮಹಡಿಯ ಯೂನಿಟಿ ಬಿಲ್ಡಿಂಗ್ ಆತನ ಹೆಮ್ಮೆ. ಇದರ ನಡುವೆಯೇ, 1884ರಲ್ಲಿ, ಅಮೆರಿಕದ ಜೈಲು ವ್ಯವಸ್ಥೆ ಬಡವರನ್ನು ಹೇಗೆ ಅರೆದು ಹಾಕುತ್ತದೆ ಎಂದು ಒಂದು ಪುಸ್ತಕ ಬರೆದ. ಒಹಾಯೊದ ಸಣ್ಣ ಊರಿನಲ್ಲಿದ್ದ ಒಬ್ಬ ಯುವ ವಕೀಲ ಅದನ್ನು ಓದಿ ಪ್ರಭಾವಿತನಾದ. ಮುಂದೆ ಅಮೆರಿಕದ ಅತಿ ಪ್ರಸಿದ್ಧ ವಕೀಲರಲ್ಲಿ ಒಬ್ಬನಾದ ಕ್ಲಾರೆನ್ಸ್ ಡ್ಯಾರೋ ಅವನೇ.

ಹೇಮಾರ್ಕೆಟ್, ಮತ್ತು ಒಂದು ಮೌನ

1886ರ ಮೇ 1ರಂದು ಎಂಟು ಗಂಟೆ ಕೆಲಸದ ಬೇಡಿಕೆಗಾಗಿ ಅಮೆರಿಕದಾದ್ಯಂತ ಲಕ್ಷಾಂತರ ಕಾರ್ಮಿಕರು ಮುಷ್ಕರ ಹೂಡಿದರು. ಷಿಕಾಗೊ ಅದರ ಕೇಂದ್ರ. ಮೇ 3ರಂದು ಮೆಕಾರ್ಮಿಕ್ ಕಾರ್ಖಾನೆಯ ಗೇಟಿನ ಬಳಿ ಪೊಲೀಸರು ಗುಂಡು ಹಾರಿಸಿ ಕಾರ್ಮಿಕರನ್ನು ಕೊಂದರು. ಅಲ್ಲಿ ತಯಾರಾಗುತ್ತಿದ್ದದ್ದು ಬೆಳೆ ಕೊಯ್ಯುವ ಯಂತ್ರ. ಜರ್ಮನ್ ವಲಸಿಗ ರೈತರ ಹೊಲಕ್ಕೆ ಹೋಗುವ ಯಂತ್ರವನ್ನು ನಗರದಲ್ಲಿ ಮಾಡುತ್ತಿದ್ದವರಲ್ಲೂ ವಲಸಿಗರೇ ತುಂಬಿದ್ದರು.

ಮರುದಿನ ಸಂಜೆ ಹೇಮಾರ್ಕೆಟ್ ಚೌಕದಲ್ಲಿ ಪ್ರತಿಭಟನಾ ಸಭೆ ನಡೆಯಿತು. ಮೇಯರ್ ಸ್ವತಃ ಬಂದು ನೋಡಿ, ಎಲ್ಲ ಶಾಂತವಾಗಿದೆ ಎಂದು ಹೊರಟುಹೋದ. ಜನ ಚದುರುತ್ತಿದ್ದಾಗ ಪೊಲೀಸ್ ದಳ ನುಗ್ಗಿತು. ಯಾರೋ ಬಾಂಬ್ ಎಸೆದರು, ಪೊಲೀಸರು ಗುಂಡು ಹಾರಿಸಿದರು. ಏಳು ಪೊಲೀಸರು ಸತ್ತರು, ನಾಗರಿಕರೂ ಸತ್ತರು. ಬಾಂಬ್ ಎಸೆದವನು ಯಾರು ಎಂಬುದು ಇವತ್ತಿಗೂ ಇತ್ಯರ್ಥವಾಗಿಲ್ಲ.

ಆದರೂ ಎಂಟು ಜನರಿಗೆ ಶಿಕ್ಷೆಯಾಯಿತು. ಎಂಟರಲ್ಲಿ ಐವರು ಜರ್ಮನಿಯಲ್ಲಿ ಹುಟ್ಟಿದವರು, ಇನ್ನೊಬ್ಬ ಅಮೆರಿಕದಲ್ಲೇ ಹುಟ್ಟಿದರೂ ಜರ್ಮನ್ ದಂಪತಿಯ ಮಗ. ಅಗಸ್ಟ್ ಸ್ಪೀಸ್, ಮೈಕೆಲ್ ಶ್ವಾಬ್ ಇಬ್ಬರೂ ಜರ್ಮನ್ ಭಾಷೆಯ ಕಾರ್ಮಿಕ ಪತ್ರಿಕೆಯನ್ನು ನಡೆಸುತ್ತಿದ್ದವರು. 1887ರ ನವೆಂಬರ್ 11ರಂದು ಸ್ಪೀಸ್, ಪಾರ್ಸನ್ಸ್, ಫಿಷರ್, ಎಂಗೆಲ್ ಗಲ್ಲಿಗೇರಿದರು. ಲಿಂಗ್ ಅದರ ಹಿಂದಿನ ದಿನ ಜೈಲಿನಲ್ಲೇ ಪ್ರಾಣ ಕಳೆದುಕೊಂಡಿದ್ದ. ಶ್ವಾಬ್ ಮತ್ತು ಫೀಲ್ಡನ್‌ನ ಮರಣದಂಡನೆ ಜೀವಾವಧಿಗೆ ಇಳಿಯಿತು. ನೀಬೆಗೆ ಹದಿನೈದು ವರ್ಷ ಸಜೆ.

ಆಗ ಆಲ್ಟ್‌ಗೆಲ್ಡ್ ಏನು ಮಾಡುತ್ತಿದ್ದ? ಸುಮ್ಮನಿದ್ದ. 1886ರಲ್ಲಿ ಅದೇ ಷಿಕಾಗೊದಲ್ಲಿ ಚುನಾವಣೆ ಗೆದ್ದು ನ್ಯಾಯಾಧೀಶನಾದ. ನೇಣು ತಪ್ಪಿಸಿ ಎಂದು ಹಲವರು ಬಹಿರಂಗವಾಗಿ ಕೇಳುತ್ತಿದ್ದಾಗ ಆತನ ದನಿ ಅಲ್ಲಿರಲಿಲ್ಲ.

ಈ ಭಾಗ ಓದುವಾಗ ನನಗೆ ಇರಿಸುಮುರಿಸಾಗುತ್ತದೆ. ನಾನಿದ್ದ ಕಂಪನಿಯಲ್ಲಿ ಒಮ್ಮೆ ನಮ್ಮ ತಂಡದವನೊಬ್ಬ ರಾತ್ರಿ ಪಾಳಿಯ ಬಗ್ಗೆ ಪ್ರಶ್ನೆ ಕೇಳಿದ. ತಿಂಗಳೊಳಗೆ ಕೆಲಸದ ಗುಣಮಟ್ಟ ಸಾಲದು ಅಂತ ಹೇಳಿ ಅವನನ್ನು ಕಳಿಸಿದರು. ಅವನ ಕೋಡ್ ದಿನಾ ನೋಡುತ್ತಿದ್ದವನು ನಾನೇ, ಅದರಲ್ಲಿ ತಪ್ಪಿರಲಿಲ್ಲ. ಎಚ್‌ಆರ್ ಕರೆದು ಕೇಳಿದಾಗ, ನನಗೆ ಅಷ್ಟಾಗಿ ಗೊತ್ತಿಲ್ಲ ಎಂದು ಎದ್ದು ಬಂದೆ. ಮನೆಯ ಸಾಲದ ಇಎಂಐ ಶುರುವಾಗಿ ಆಗಿನ್ನೂ ನಾಲ್ಕು ತಿಂಗಳು. ಆಲ್ಟ್‌ಗೆಲ್ಡ್‌ನ ಮೌನ ನನಗೆ ಅರ್ಥವಾಗುತ್ತದೆ. ನನಗೆ ಅರ್ಥ ಮಾಡಿಕೊಳ್ಳಲು ಸಮಯ ಹಿಡಿದದ್ದು ಆತ ಮುಂದೆ ಮಾಡಿದ ಕೆಲಸ.

ಹಳ್ಳಿಯವರ ಭಾಷೆ, ಹಳ್ಳಿಯವರ ಓಟು

ಆತ ಗವರ್ನರ್ ಆದದ್ದರ ಹಿಂದೆಯೂ ಜರ್ಮನ್ ರೈತರಿದ್ದಾರೆ. 1889ರಲ್ಲಿ ಇಲಿನಾಯ್ ಸರ್ಕಾರ ಎಡ್ವರ್ಡ್ಸ್ ಕಾಯ್ದೆ ಎಂಬ ಕಡ್ಡಾಯ ಶಿಕ್ಷಣ ಕಾನೂನು ತಂದಿತು. ಓದು, ಬರಹ, ಲೆಕ್ಕ, ಇತಿಹಾಸ, ಭೂಗೋಳ ಎಲ್ಲವನ್ನೂ ಇಂಗ್ಲಿಷಿನಲ್ಲೇ ಕಲಿಸಬೇಕು ಎಂಬ ಷರತ್ತು ಅದರಲ್ಲಿತ್ತು. ಜರ್ಮನ್ ರೈತರ ಊರುಗಳಲ್ಲಿ ಚರ್ಚು ನಡೆಸುತ್ತಿದ್ದ ಶಾಲೆಗಳಿದ್ದವು, ಅಲ್ಲಿ ಮಕ್ಕಳು ತಾಯಿನುಡಿಯಲ್ಲಿ ಕಲಿಯುತ್ತಿದ್ದರು. ಮಕ್ಕಳು ಓದಲಿ ಅನ್ನೋದಕ್ಕೆ ಅವರ ತಕರಾರಿರಲಿಲ್ಲ. ಮನೆಯ ಭಾಷೆಯನ್ನು ಶಾಲೆಯಿಂದ ಹೊರಗೆ ಹಾಕುವುದಕ್ಕೆ ತಕರಾರಿತ್ತು.

ಲೂಥರನ್ ಜರ್ಮನ್ನರು ಮತ್ತು ಕ್ಯಾಥೊಲಿಕ್ಕರು, ಸಾಮಾನ್ಯವಾಗಿ ಒಬ್ಬರಿಗೊಬ್ಬರು ಆಗದವರು, ಈ ವಿಷಯದಲ್ಲಿ ಒಂದಾದರು. 1892ರ ಚುನಾವಣೆಯಲ್ಲಿ ಡೆಮಾಕ್ರಟಿಕ್ ಪಕ್ಷದ ಅಭ್ಯರ್ಥಿಯಾಗಿದ್ದ ಆಲ್ಟ್‌ಗೆಲ್ಡ್ ಊರೂರು ಸುತ್ತಿ ಕಾಯ್ದೆಯನ್ನು ವಿರೋಧಿಸಿದ. ಗೆದ್ದ. ಹೊರದೇಶದಲ್ಲಿ ಹುಟ್ಟಿ ಇಲಿನಾಯ್‌ನ ಗವರ್ನರ್ ಆದ ಮೊದಲಿಗ ಆತನೇ. 1893ರಲ್ಲಿ ಆ ಕಾಯ್ದೆ ರದ್ದಾಯಿತು.

ಅದೇ ವರ್ಷ ಕಾರ್ಖಾನೆಗಳ ತಪಾಸಣೆಗೆ ಹೊಸ ಕಾನೂನು ಬಂತು. ಮಹಿಳೆಯರು ಮತ್ತು ಮಕ್ಕಳಿಗೆ ದಿನಕ್ಕೆ ಎಂಟು ಗಂಟೆ ಕೆಲಸ ಎಂದು ಅದು ಮಿತಿ ಹಾಕಿತು. ಮುಖ್ಯ ತಪಾಸಕಿಯಾಗಿ ಆತ ನೇಮಿಸಿದ್ದು ಫ್ಲಾರೆನ್ಸ್ ಕೆಲ್ಲಿಯನ್ನು. ಆಕೆ ಸಮಾಜವಾದಿ. ಆಗ ಅಮೆರಿಕದಲ್ಲಿ ಹೆಣ್ಣುಮಕ್ಕಳಿಗೆ ಗವರ್ನರ್ ಚುನಾವಣೆಯಲ್ಲಿ ಓಟು ಹಾಕುವ ಹಕ್ಕು ಬಹುತೇಕ ರಾಜ್ಯಗಳಲ್ಲಿ ಇರಲಿಲ್ಲ. 1895ರಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ಎಂಟು ಗಂಟೆಯ ನಿಯಮವನ್ನು ಹೊಡೆದುಹಾಕಿತು ಅನ್ನೋದು ಬೇರೆ ಮಾತು.

1893ರ ಜೂನ್ 26

ಜೈಲಿನಲ್ಲಿ ಉಳಿದಿದ್ದ ಮೂವರನ್ನು ಬಿಡಿಸಬೇಕೆಂದು ಹೊಸ ಗವರ್ನರ್ ಮೇಲೆ ಒತ್ತಡವಿತ್ತು. ಬೇಗ ತೀರ್ಮಾನಿಸು ಎಂದು ಡ್ಯಾರೋ ಕೂಡ ಬೆನ್ನು ಬಿದ್ದಿದ್ದ. ಬಿಡುಗಡೆಯ ಅರ್ಜಿಗೆ ಸಹಿ ಹಾಕಿದವರಲ್ಲಿ ಷಿಕಾಗೊದ ಗಣ್ಯ ವರ್ತಕರೂ ಬ್ಯಾಂಕರುಗಳೂ ಇದ್ದರು. ಇದನ್ನು ಗಮನಿಸಬೇಕು. ಬಿಡುಗಡೆಗೆ ಊರಿನ ದೊಡ್ಡವರ ವಿರೋಧ ಅಷ್ಟಾಗಿ ಉಳಿದಿರಲಿಲ್ಲ. ತಪ್ಪು ಮಾಡಿದ್ದಾರೆ, ಸಾಕಷ್ಟು ಅನುಭವಿಸಿದ್ದಾರೆ, ದಯೆ ತೋರಿಸಿ ಬಿಟ್ಟುಬಿಡೋಣ ಅನ್ನುವುದಕ್ಕೆ ಅವರೂ ಒಪ್ಪುತ್ತಿದ್ದರು. ಎರಡು ಸಾಲಿನ ಆದೇಶ ಹೊರಡಿಸಿದ್ದರೆ ಆಲ್ಟ್‌ಗೆಲ್ಡ್ ಉದಾರಿ ಅನ್ನಿಸಿಕೊಂಡು ಹಾಯಾಗಿ ಇರಬಹುದಿತ್ತು.

ಆತ ವಿಚಾರಣೆಯ ದಾಖಲೆ ತರಿಸಿಕೊಂಡು ಓದಲು ಕೂತ. ತಿಂಗಳುಗಳ ನಂತರ, ಜೂನ್ 26ರಂದು, ಮೂವರಿಗೂ ಪೂರ್ಣ ಕ್ಷಮಾದಾನ ನೀಡಿದ. ಜೊತೆಗೆ ಹತ್ತಾರು ಪುಟಗಳ ಕಾರಣಪತ್ರವನ್ನೂ ಪ್ರಕಟಿಸಿದ. ಅದರ ವಾದ ಎಂಜಿನಿಯರ್ ಒಬ್ಬ ಬರೆದ ದೋಷಪಟ್ಟಿಯಂತಿದೆ. ಒಂದು, ಜ್ಯೂರಿಗಳನ್ನು ಚೀಟಿ ಎತ್ತಿ ಆರಿಸಲಿಲ್ಲ, ವಿಶೇಷ ಅಧಿಕಾರಿಯೊಬ್ಬ ತನಗೆ ಬೇಕಾದವರನ್ನೇ ಹಿಡಿದು ತಂದ. ಎರಡು, ಆರೋಪಿಗಳ ವಿರುದ್ಧ ಮೊದಲೇ ಅಭಿಪ್ರಾಯ ಇದೆ ಎಂದು ಒಪ್ಪಿಕೊಂಡವರನ್ನೂ ಜ್ಯೂರಿಯಲ್ಲಿ ಕೂರಿಸಿದರು. ಮೂರು, ಬಾಂಬ್ ಎಸೆದವನೇ ಗೊತ್ತಿಲ್ಲದ ಮೇಲೆ ಅವನು ಇವರ ಮಾತು ಕೇಳಿ ಎಸೆದ ಎಂಬುದಕ್ಕೆ ಸಾಕ್ಷ್ಯವೇ ಇಲ್ಲ. ನಾಲ್ಕು, ನೀಬೆ ವಿರುದ್ಧ ಪ್ರಕರಣವೇ ನಿಲ್ಲುವುದಿಲ್ಲ ಎಂಬುದು ಸರ್ಕಾರಿ ವಕೀಲನಿಗೂ ಗೊತ್ತಿತ್ತು. ಐದು, ನ್ಯಾಯಾಧೀಶ ಜೋಸೆಫ್ ಗ್ಯಾರಿ ಪಕ್ಷಪಾತಿಯಾಗಿದ್ದ.

ಅಪರಾಧಿಗಳಾಗಿದ್ದರೆ ಅವರು ಒಳಗೇ ಇರಲಿ, ಅಪರಾಧ ಸಾಬೀತಾಗದಿದ್ದರೆ ಅವರನ್ನು ಹಿಡಿದಿಡುವ ಹಕ್ಕು ನಮಗಿಲ್ಲ ಎಂಬುದು ಆತನ ನಿಲುವು. ಅದರಲ್ಲಿ ದಯೆಗೆ ಜಾಗವೇ ಇರಲಿಲ್ಲ. ಹಾಗಂದ ಮೇಲೆ ಗಲ್ಲಿಗೇರಿದ ನಾಲ್ವರ ವಿಷಯ ಏನು ಎಂಬ ಪ್ರಶ್ನೆ ತಾನಾಗಿಯೇ ಏಳುತ್ತದೆ. ಊರಿನ ದೊಡ್ಡವರಿಗೆ ಸಹಿಸಲಾಗದೆ ಹೋದದ್ದು ಮೂವರ ಬಿಡುಗಡೆಯಲ್ಲ, ಆ ಪ್ರಶ್ನೆ.

ಪತ್ರಿಕೆಗಳು ಮುಗಿಬಿದ್ದವು. ಆತನ ಪ್ರತಿಕೃತಿ ಸುಟ್ಟರು. ಆತನ ಮೈಯಲ್ಲಿ ಅಮೆರಿಕನ್ ರಕ್ತವೇ ಇಲ್ಲ ಎಂಬರ್ಥದಲ್ಲಿ ಷಿಕಾಗೊ ಟ್ರಿಬ್ಯೂನ್ ಬರೆಯಿತು. ಹಾಲುಗೂಸಾಗಿದ್ದಾಗ ಬಿಟ್ಟುಬಂದ ದೇಶ ಆತನ ದೇಶವಾಯಿತು, 16ನೇ ವಯಸ್ಸಿಗೆ ಬಂದೂಕು ಹಿಡಿದು ಕಾಪಾಡಿದ ದೇಶ ಆತನದಲ್ಲ ಎಂದಾಯಿತು. ಒಪ್ಪಿಗೆಯಾಗುವ ಮಾತಾಡುವವರೆಗೆ ಆತ ಕಷ್ಟಪಟ್ಟು ಮೇಲೆ ಬಂದ ಮಾದರಿ ವಲಸಿಗ. ಒಪ್ಪಿಗೆಯಾಗದ ಮಾತಾಡಿದ ಕೂಡಲೇ ಪರದೇಶಿ. ಈ ಪೌರತ್ವ ಪರೀಕ್ಷೆಯ ಪರಿಚಯ ನಮಗೆ ಹೊಸದಾಗಿ ಮಾಡಿಸಬೇಕಿಲ್ಲ.

ಗ್ಯಾರಿ ಮೇಲೆ ಆತನಿಗೆ ಹಳೇ ಸಿಟ್ಟಿತ್ತು, ಅದನ್ನು ತೀರಿಸಿಕೊಂಡ ಎಂದವರೂ ಇದ್ದಾರೆ. ಇದ್ದಿರಬಹುದು. ಆದರೆ ಆ ಐದು ಅಂಶಗಳಿಗೆ ಸಿಟ್ಟು ಉತ್ತರವಾಗುವುದಿಲ್ಲ.

ಸೋಲಿನ ವರ್ಷಗಳು

ಮರುವರ್ಷ, 1894ರಲ್ಲಿ, ಪುಲ್ಮನ್ ರೈಲು ಬೋಗಿ ಕಂಪನಿ ಕೂಲಿ ಕಡಿತ ಮಾಡಿ, ತನ್ನದೇ ಕಾಲೊನಿಯ ಮನೆ ಬಾಡಿಗೆಯನ್ನು ಮಾತ್ರ ಹಾಗೇ ಇಟ್ಟಿತು. ಮುಷ್ಕರ ರೈಲುಗಳಿಗೆ ಹಬ್ಬಿತು. ಅಧ್ಯಕ್ಷ ಕ್ಲೀವ್‌ಲ್ಯಾಂಡ್, ಆಲ್ಟ್‌ಗೆಲ್ಡ್‌ನ ಪಕ್ಷದವನೇ, ರಾಜ್ಯವನ್ನು ಕೇಳದೆ ಷಿಕಾಗೊಗೆ ಕೇಂದ್ರದ ಸೇನೆ ಇಳಿಸಿದ. ಆಲ್ಟ್‌ಗೆಲ್ಡ್ ತಂತಿ ಕಳಿಸಿ ಪ್ರತಿಭಟಿಸಿದ. ರಾಜ್ಯದ ಬಳಿ ಪಡೆಗಳಿವೆ, ನಾವು ಕೇಳದೆ ನೀವು ಬರುವುದಕ್ಕೆ ಸಂವಿಧಾನದಲ್ಲಿ ಅವಕಾಶವಿಲ್ಲ ಎಂಬುದು ಆತನ ವಾದ. ಹಾಗಂತ ಆತ ಗಲಭೆಗೆ ಕಣ್ಣು ಮುಚ್ಚಲಿಲ್ಲ, ಹಿಂಸೆ ಹೆಚ್ಚಾದಾಗ ರಾಜ್ಯದ ಪಡೆಯನ್ನು ತಾನೇ ಕಳಿಸಿದ. ಮುಷ್ಕರ ಮುರಿದ ಮೇಲೆ ಪುಲ್ಮನ್ ಕಾಲೊನಿಗೆ ಖುದ್ದಾಗಿ ಹೋಗಿ, ಹಸಿದ ಮನೆಗಳನ್ನು ನೋಡಿ, ಕಂಪನಿಯ ಮಾಲೀಕನಿಗೆ ಪತ್ರ ಬರೆದ.

1896ರಲ್ಲಿ ಡೆಮಾಕ್ರಟಿಕ್ ಪಕ್ಷದ ಮಹಾಸಭೆಯಲ್ಲಿ ಆತನಷ್ಟು ಪ್ರಭಾವಿ ಇನ್ನೊಬ್ಬನಿರಲಿಲ್ಲ. ಆದರೆ ಹೊರದೇಶದಲ್ಲಿ ಹುಟ್ಟಿದವನಾದ್ದರಿಂದ ಅಧ್ಯಕ್ಷ ಸ್ಥಾನಕ್ಕೆ ನಿಲ್ಲುವಂತಿರಲಿಲ್ಲ. ಆ ವರ್ಷ ರಿಪಬ್ಲಿಕನ್ನರಿಗೆ ಜನರನ್ನು ಹೆದರಿಸಲು ಸಿಕ್ಕ ಗುಮ್ಮ ಆಲ್ಟ್‌ಗೆಲ್ಡ್. ಥಿಯೊಡರ್ ರೂಸ್‌ವೆಲ್ಟ್ ಷಿಕಾಗೊಗೇ ಬಂದು ಆತನ ವಿರುದ್ಧ ಭಾಷಣ ಮಾಡಿದ. ಗವರ್ನರ್ ಚುನಾವಣೆಯಲ್ಲಿ ಆತ ಸೋತ. ಅಧಿಕಾರದ ಜೊತೆ ದುಡ್ಡೂ ಹೋಯಿತು. ಯೂನಿಟಿ ಬಿಲ್ಡಿಂಗ್ ಸಾಲಕ್ಕೆ ಕೈತಪ್ಪಿತು. 1899ರಲ್ಲಿ ಷಿಕಾಗೊ ಮೇಯರ್ ಸ್ಥಾನಕ್ಕೆ ನಿಂತು ಅಲ್ಲೂ ಸೋತ. ಕೊನೆಗೆ, ಒಂದು ಕಾಲಕ್ಕೆ ತನ್ನ ಪುಸ್ತಕ ಓದಿ ಬೆಳೆದ ಡ್ಯಾರೋನ ಕಚೇರಿಯಲ್ಲಿ ಮತ್ತೆ ವಕೀಲಿಕೆ ಶುರು ಮಾಡಿದ.

1902ರ ಮಾರ್ಚ್ 11ರ ರಾತ್ರಿ ಜೋಲಿಯೆಟ್ ಎಂಬ ಊರಿನಲ್ಲಿ, ಬ್ರಿಟಿಷರ ವಿರುದ್ಧ ಹೋರಾಡುತ್ತಿದ್ದ ದಕ್ಷಿಣ ಆಫ್ರಿಕಾದ ಬೋಯರ್ ರೈತರ ಪರವಾಗಿ ಮಾತಾಡಿ ಮುಗಿಸಿದವನು ಕುಸಿದ. ಮರುದಿನ ತೀರಿಕೊಂಡ. ವಯಸ್ಸು 54. ಷಿಕಾಗೊದ ಸಾರ್ವಜನಿಕ ಗ್ರಂಥಾಲಯದಲ್ಲಿ ದೇಹ ಇಟ್ಟಾಗ ಸಾವಿರಾರು ಜನ ಸಾಲುಗಟ್ಟಿ ಬಂದರು. ಅಂತಿಮ ಮಾತು ಆಡಿದವರು ಡ್ಯಾರೋ ಮತ್ತು ಜೇನ್ ಆಡಮ್ಸ್.

ಏನು ಉಳಿಯಿತು? ಓದು ದಂಡ ಎಂದು ನಂಬಿದ್ದ ರೈತನ ಮಗ ಗವರ್ನರ್ ಆಗಿದ್ದಾಗ ರಾಜ್ಯದ ಕಾಲೇಜುಗಳಿಗೆ ಧಾರಾಳವಾಗಿ ಅನುದಾನ ಕೊಡಿಸಿದ್ದ. ಆಗ ಎದ್ದ ಕೋಟೆಯಂಥ ಕಟ್ಟಡಗಳಲ್ಲಿ ಇವತ್ತಿಗೂ ಪಾಠ ನಡೆಯುತ್ತದೆ, ಕೆಲವಕ್ಕೆ ಆತನದೇ ಹೆಸರಿದೆ. ಷಿಕಾಗೊದ ಹೊರವಲಯದಲ್ಲಿ ಜರ್ಮನ್ನರು ಮಾಡಿಕೊಂಡ ವಾಲ್ಡ್‌ಹೈಮ್ ಸ್ಮಶಾನವಿದೆ. ಹೇಮಾರ್ಕೆಟ್ ಹುತಾತ್ಮರ ಸ್ಮಾರಕ ಇರುವುದು ಅಲ್ಲೇ. ಅದನ್ನು ಅನಾವರಣ ಮಾಡಿದ್ದು 1893ರ ಜೂನ್ 25ರಂದು, ಅಂದರೆ ಕ್ಷಮಾದಾನದ ಹಿಂದಿನ ದಿನ. ಆ ಸ್ಮಾರಕದ ಹಿಂಬದಿಗೆ ಆಮೇಲೆ ಒಂದು ಕಂಚಿನ ಫಲಕ ಸೇರಿಸಿದರು. ಅದರಲ್ಲಿರುವುದು ಆಲ್ಟ್‌ಗೆಲ್ಡ್‌ನ ಕ್ಷಮಾದಾನದ ಬರಹ. ಹೂವಿಡಲು ಬರುವವರಿಗೆ ಮುಂದಿನ ಶಿಲ್ಪ ಕಾಣುತ್ತದೆ. ಫಲಕ ಓದಬೇಕೆಂದರೆ ಸುತ್ತಿ ಹಿಂದಕ್ಕೆ ಹೋಗಬೇಕು.

2024ರಲ್ಲಿ ಐಟಿ ನೌಕರರ ಕೆಲಸದ ಅವಧಿಯನ್ನು 14 ಗಂಟೆಯವರೆಗೆ ಹಿಗ್ಗಿಸುವ ಪ್ರಸ್ತಾವ ಕರ್ನಾಟಕ ಸರ್ಕಾರದ ಮುಂದೆ ಬಂದಾಗ ನೌಕರರ ಸಂಘಟನೆ ಬೀದಿಗಿಳಿಯಿತು. ಆ ಪ್ರತಿಭಟನೆಯ ಸುದ್ದಿ ಓದುವಾಗ ನನಗೆ ನೆನಪಾದದ್ದು ಷಿಕಾಗೊ ಅಲ್ಲ, ನಮ್ಮ ತಂಡದ ಆ ಹುಡುಗ. ಹಳೇ ನಂಬರಿಗೆ ಫೋನ್ ಮಾಡಿದೆ. ಆವತ್ತು ಎಚ್‌ಆರ್ ಮುಂದೆ ನಾನು ಹೇಳಿದ್ದು ಸುಳ್ಳು, ನಿನ್ನ ಕೆಲಸದಲ್ಲಿ ತಪ್ಪಿರಲಿಲ್ಲ ಕಣೋ ಎಂದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, ಅದನ್ನು ಬರೆದು ಕೊಡ್ತೀಯಾ ಅಂತ ಕೇಳಿದ.

ಕೊಟ್ಟೆ. ತಡವಾಗಿತ್ತು, ಅವನಿಗೆ ಆ ಕೆಲಸ ವಾಪಸ್ ಸಿಗೋದಿಲ್ಲ. ಆಲ್ಟ್‌ಗೆಲ್ಡ್ ಬರೆದದ್ದೂ ತಡವಾಗಿಯೇ. ನಾಲ್ವರ ಪ್ರಾಣ ಅದರಿಂದ ಮರಳಲಿಲ್ಲ. ಆದರೆ ಉಳಿದ ಮೂವರು ಜೈಲಿನಿಂದ ಮನೆಗೆ ನಡೆದು ಹೋದರು.